ನಾಲ್ಕು ಜನರ ಮನೆಗೆ ಎರಡು ಸೀಟಿನ ಕಾರು

ಮಾರ್ಚ್ 4

ಡ್ರೈವಿಂಗ್ ಮಾಸ್ತರರಿಗೆ,

ನಿಮ್ಮ ಕಾರು ಬಂತು. ನಿನ್ನೆ ಸಂಜೆ ನಾನು ಕಾರ್ಖಾನೆಯಿಂದ ಬರುವಷ್ಟರಲ್ಲಿ ಅದು ನಮ್ಮ ಬಾಗಿಲಲ್ಲಿ ನಿಂತಿತ್ತು. ತಂದವನು ನಿಮ್ಮ ಹಳೆಯ ಶಿಷ್ಯನಂತೆ. ಕೀಲಿಯನ್ನೂ ಕಾಗದಪತ್ರಗಳನ್ನೂ ನನ್ನ ಕೈಗೆ ತುರುಕಿ, "ಮಾಸ್ತರು ನಿಮ್ಮ ಹೆಸರಿಗೇ ಮಾಡಿಸಿದ್ದಾರೆ" ಎಂದು ಹೇಳಿ ಓಡಿಹೋಗಿ ಬಸ್ ಹತ್ತಿದ. ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.

ಥ್ಯಾಂಕ್ಸ್ ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಫೋನ್ ಮಾಡದೆ ಬರೆಯುತ್ತಿರುವುದು ನಿಮ್ಮ ಧ್ವನಿ ಕೇಳಲು ಇಷ್ಟವಿಲ್ಲದ್ದರಿಂದ. ನಿಮಗೂ ಹೇಳುವುದೇನಾದರೂ ಇದ್ದರೆ ಬರೆದೇ ಕಳುಹಿಸಿ.

ನಾನು ಈಗ ಏನು ಮಾಡುತ್ತಿದ್ದೇನೆಂದು ನಿಮಗೆ ತಿಳಿದಿರಲಾರದು. ಹಗಲು ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ರಟ್ಟಿಗೆ ಮಡಿಕೆಯ ಗೀರು ಹಾಕುವ ಯಂತ್ರದ ಮುಂದೆ ನಿಲ್ಲುತ್ತೇನೆ. ಸಂಜೆ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವೇ ಕೆಲವರು ಸೇರಿ ಕಟ್ಟಿದ ಓದುಮನೆ ನಡೆಸುತ್ತೇನೆ. ಕಿರುಪುಸ್ತಕ ಬರೆಯುತ್ತೇನೆ, ಅಚ್ಚು ಹಾಕಿಸುತ್ತೇನೆ, ಕಾರ್ಖಾನೆಗಳ ಗೇಟಿನಲ್ಲಿ ಹಂಚುತ್ತೇನೆ. ಹೋದ ವರ್ಷ ಬರೆದದ್ದರ ಹೆಸರು 'ಸ್ವಂತ ಕಾರೆಂಬ ಸುಳ್ಳು'. ಒಬ್ಬ ಮನುಷ್ಯನನ್ನು ಅಂಗಡಿಗೆ ಕರೆದೊಯ್ಯಲು ಒಂದು ಟನ್ ಕಬ್ಬಿಣ ಯಾಕೆ ಎಂದು ಅದರಲ್ಲಿ ಕೇಳಿದ್ದೆ. ಅರ್ಧಕ್ಕರ್ಧ ಪ್ರತಿಗಳು ಇನ್ನೂ ಓದುಮನೆಯ ಮೆಟ್ಟಿಲ ಕೆಳಗೆ ಕಟ್ಟುಕಟ್ಟಾಗಿ ಬಿದ್ದಿವೆ. ಅದನ್ನು ಬರೆದವಳ ಬಾಗಿಲಲ್ಲಿ ಈಗ ಕಾರು. ಅದೂ ಎಂಥದ್ದು! ಮಾಡು ಮಡಚುವಂಥದ್ದು, ಎರಡೇ ಸೀಟಿನದ್ದು, ಗುರ್ರೆನ್ನುವಂಥದ್ದು. ಸೈಕಲ್ ಅಂಗಡಿಯ ಮಾಮ ಅದನ್ನು ಸುತ್ತಿ ನೋಡಿ, "ಹೋಗ್ಲಿ ಬಿಡು, ಬಣ್ಣ ಆದ್ರೂ ಕೆಂಪಿದೆ" ಎಂದ. ಓಣಿಯೆಲ್ಲ ನಕ್ಕಿತು.

ನಾಲ್ಕು ಜನರ ಮನೆಗೆ ಈ ಎರಡು ಸೀಟಿನ ಕಾರನ್ನು ತಂದವರು ನೀವು. ಯಾರೋ ಓಡಿಸಿ ಬಿಟ್ಟದ್ದನ್ನು ಕೊಂಡು ತಂದಿರಿ. ನಾನಾಗ ಏಳನೇ ಕ್ಲಾಸು. ಈಗ ಬೇರೆ ಊರಿನಲ್ಲಿ ಕೆಲಸಕ್ಕಿರುವ ನನ್ನ ತಮ್ಮ ಆಗ ಹೊಸ್ತಿಲಲ್ಲಿ ನಿಂತು, "ನಾವೆಲ್ಲಿ ಕೂರೋದು?" ಎಂದು ಕೇಳಿದ. ನೀವು ಬಾನೆಟ್ ಒರೆಸುತ್ತಲೇ ಇದ್ದಿರಿ. ಆ ತಿಂಗಳು ಮುಗಿಯುವಷ್ಟರಲ್ಲಿ ನೀವು ಅದರಲ್ಲೇ ಹೊರಟುಹೋದಿರಿ, ಉತ್ತರ ನಮಗೇ ತಿಳಿಯಿತು.

ಇದನ್ನು ಮಾರಿ ಓದುಮನೆಗೆ ಪುಸ್ತಕ ಕೊಳ್ಳುತ್ತೇನೆ. ಅಲ್ಲಿಯವರೆಗೆ ಒಂದೇ ಪ್ರಶ್ನೆ. ಇದರ ಮಾಡು ಸರಿಯಾಗಿ ಮುಚ್ಚುವುದು ಹೇಗೆ? ರಾತ್ರಿ ಹನಿ ಬಿತ್ತು, ಒಳಗೆಲ್ಲ ನೀರು.

ಇಂತಿ,
ನಿಮ್ಮ ಕಾರು ಸದ್ಯ ಯಾರ ಬಾಗಿಲಲ್ಲಿದೆಯೋ ಅವಳು


ಮಾರ್ಚ್ 11

ಮೆಣಸಿಗೆ,

ಮೊದಲು ಡ್ರೈವರ್ ಕಡೆಯ ಕೊಂಡಿ ಹಾಕು, ಆಮೇಲೆ ಇನ್ನೊಂದು ಕಡೆಯದ್ದು. ಎಲ್ಲರೂ ಇದನ್ನೇ ತಿರುಗುಮುರುಗು ಮಾಡುತ್ತಾರೆ. ಕ್ಯಾನ್ವಾಸ್ ಹಳೆಯದು, ಎಳೆದರೆ ಮುನಿಸಿಕೊಳ್ಳುತ್ತದೆ. ಬಿಸಿಲಿಗೆ ಅರ್ಧ ಗಂಟೆ ಬಿಟ್ಟು ಆಮೇಲೆ ಎಳೆ. ಹಿಂದಿನ ಪ್ಲಾಸ್ಟಿಕ್ ಕಿಟಕಿಯನ್ನು ಒಣಬಟ್ಟೆಯಲ್ಲಿ ಉಜ್ಜಬೇಡ, ಗೀರಾಗುತ್ತದೆ. ಪೆಟ್ರೋಲ್ ಮುಳ್ಳು ಅರ್ಧಕ್ಕೇ ನಿಂತಿರುತ್ತದೆ, ನಂಬಬೇಡ. ಎರಡನೇ ಗೇರಿಗೆ ಹಾಕುವಾಗ ಒಂದು ಉಸಿರು ತಡೆದು ಹಾಕು. ಅವಸರ ಮಾಡಿದರೆ ಕಿರಿಚುತ್ತದೆ.

ಮಾರುವುದಾದರೆ ಮಾರು, ನಿನ್ನದೇ ಅದು. ಮಾರುವ ತನಕ ವಾರಕ್ಕೊಮ್ಮೆಯಾದರೂ ಓಡಿಸು. ನಿಂತ ಕಾರು ಹಾಳಾಗುವಷ್ಟು ಓಡಿದ ಕಾರು ಆಗುವುದಿಲ್ಲ.

ನನ್ನ ಮಂಡಿ ಕೆಟ್ಟಿದೆ. ಕ್ಲಚ್ ಒತ್ತಲಾಗುವುದಿಲ್ಲ. ಅದಕ್ಕೇ ಕಳುಹಿಸಿದ್ದು. ಬೇರೆ ಯಾರಿಗೆ ಕಳುಹಿಸಲಿ?

ಇಂತಿ,
ಮಾಸ್ತರ್ (ನೀನೇ ಹಾಗೆ ಕರೆದದ್ದರಿಂದ)


ಏಪ್ರಿಲ್ 19

ಮಾಸ್ತರರಿಗೆ,

ಮೆಣಸು ಎಂದು ಕರೆಯಬೇಡಿ. ಆ ಹೆಸರನ್ನು ಬಿಟ್ಟುಹೋದವರು ನೀವು.

ಕಾರು ಇನ್ನೂ ಮಾರಾಟವಾಗಿಲ್ಲ. ಮೂರು ಜನ ಬಂದರು. ಮೊದಲನೆಯವನು ಚಿನ್ನದಂಗಡಿಯವರ ಅಳಿಯ. ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡು, "ಇದ್ರಲ್ಲಿ ಹೋದ್ರೆ ಜನ ತಿರುಗಿ ನೋಡ್ತಾರಲ್ವಾ?" ಎಂದ. "ನೋಡ್ತಾರೆ. ಹೊಗೆ ಕುಡಿದು ಕೆಮ್ಮಿಕೊಂಡು ನೋಡ್ತಾರೆ" ಎಂದೆ. ಬೀದಿ ನಡೆಯುವವರದ್ದು, ನಿಮ್ಮ ಮಾವನದ್ದಲ್ಲ ಎಂದು ಶುರುಮಾಡಿ ಕಿರುಪುಸ್ತಕದ ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಅವನು ಇರಲಿಲ್ಲ. ಉಳಿದಿಬ್ಬರ ಗತಿಯೂ ಅದೇ. ಮಾಮ ಅಂಗಡಿಯಿಂದಲೇ ಕೂಗಿ ಕೇಳಿದ: "ನೀನು ಮಾರೋಕೆ ನಿಂತಿದ್ದೀಯೋ, ಭಾಷಣಕ್ಕೆ ನಿಂತಿದ್ದೀಯೋ?"

ವಾರಕ್ಕೊಮ್ಮೆ ಓಡಿಸುತ್ತಿದ್ದೇನೆ, ಕೆಡದಿರಲಿ ಎಂದಷ್ಟೇ. ನನಗೆ ಓಡಿಸಲು ಕಲಿಸಿದ್ದು ನಮ್ಮ ಕಾರ್ಖಾನೆಯ ಲಾರಿ ಡ್ರೈವರ್. ಅಷ್ಟೆತ್ತರದಲ್ಲಿ ಕೂತು ಕಲಿತವಳಿಗೆ ಇದರಲ್ಲಿ ಕೂತರೆ ನೆಲದ ಮೇಲೆ ಚಾಪೆ ಹಾಸಿ ಕೂತ ಹಾಗೆ. ಪಕ್ಕದಲ್ಲಿ ಲಾರಿ ಬಂದರೆ ಅದರ ಚಕ್ರದ ನಟ್ಟುಗಳು ನನ್ನ ಕಿವಿಯ ಸಮಕ್ಕೆ ತಿರುಗುತ್ತವೆ. ಸಿಗ್ನಲ್ಲಿನಲ್ಲಿ ನಿಂತರೆ ಬೀದಿನಾಯಿಗೂ ನನಗೂ ಕಣ್ಣಿಗೆ ಕಣ್ಣು. ಜನ ನೋಡುತ್ತಾರೆ. ನಮ್ಮ ಗೇಟಿನಲ್ಲೇ ಒಬ್ಬ, "ಸುಳ್ಳು ಬಂತು, ಸುಳ್ಳು ಬಂತು" ಎಂದು ಕೂಗಿದ. ನಾನು ಬರೆದ ಹೆಸರೇ ನನಗೆ ಅಂಟಿಕೊಂಡಿತು.

ಅಮ್ಮ ಕಾರನ್ನು ನೋಡುವುದಿಲ್ಲ. ಆಸ್ಪತ್ರೆಯ ಅಡುಗೆಮನೆಯ ಕೆಲಸಕ್ಕೆ ಹೋಗುವಾಗ ಅದನ್ನು ದಾಟುವ ತನಕ ಮುಖ ತಿರುಗಿಸಿಕೊಂಡೇ ನಡೆಯುತ್ತಾಳೆ. ಒಂದು ದಿನ ಮಾತ್ರ ನಿಂತು, "ಆ ಇನ್ನೊಂದು ಸೀಟು ನನ್ನ ಕಣ್ಣಿಗೆ ಬೀಳದ ಹಾಗೆ ಏನಾದ್ರೂ ಮುಚ್ಚೇ" ಎಂದಳು.

ಆಗ ನಾನು ಆ ಸೀಟನ್ನು ಸರಿಯಾಗಿ ನೋಡಿದೆ. ನಿಮ್ಮ ಸೀಟಿನ ಚರ್ಮ ಹರಿದು, ಸ್ಪಂಜು ಕುಸಿದು, ನಿಮ್ಮ ಬೆನ್ನಿನ ಅಚ್ಚು ಬಿದ್ದಿದೆ. ಪಕ್ಕದ್ದು ಮಾತ್ರ ಅಂಗಡಿಯಿಂದ ಈಗ ತಂದ ಹಾಗಿದೆ. ನೀವು ಪಕ್ಕದಲ್ಲಿ ಕೂರಿಸಿಕೊಂಡು ಹೋದ ಆಕೆ ತುಂಬ ಹಗುರ ಇದ್ದಿರಬೇಕು.

ಮುಚ್ಚುವ ಗೋಜಿಗೆ ಹೋಗಲಿಲ್ಲ. ಮಾಮನ ಪಾನಾ ಇಸಿದುಕೊಂಡು ನಾಲ್ಕು ಬೋಲ್ಟ್ ಬಿಚ್ಚಿ ಸೀಟನ್ನೇ ಕಿತ್ತೆ. ಓದುಮನೆಗೆ ಕೊಟ್ಟೆ. ಅಲ್ಲಿ ಎಲ್ಲವನ್ನೂ ಕೈಯೆತ್ತಿ ತೀರ್ಮಾನಿಸುತ್ತೇವೆ. ಎಲ್ಲರೂ ಕೈಯೆತ್ತಿದರು. ಈಗ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು, ನಾವು ಅಂಚೆ ತಾತ ಅನ್ನುತ್ತೇವೆ, ಅದರಲ್ಲಿ ಒರಗಿ ಪೇಪರ್ ಓದುತ್ತಾರೆ. ಓದುಮನೆಗೊಂದು ನಿಯಮವಿದೆ: ಒಳಗೆ ಬಂದದ್ದು ಯಾರ ಸ್ವಂತಕ್ಕೂ ವಾಪಸ್ ಹೋಗುವುದಿಲ್ಲ. ಬರೆದವಳು ನಾನೇ. ಸೀಟಿದ್ದ ಜಾಗದಲ್ಲಿ ಈಗ ಕಿರುಪುಸ್ತಕದ ಕಟ್ಟುಗಳನ್ನು ಹೇರಿಕೊಂಡು ಗೇಟಿನಿಂದ ಗೇಟಿಗೆ ಹೋಗುತ್ತೇನೆ. ಕೊನೆಗೂ ಈ ಕಾರಿನಿಂದ ಒಂದು ಉಪಯೋಗವಾಯಿತು.

ಆಕೆ ಯಾರು? ಇಷ್ಟು ವರ್ಷ ಅಮ್ಮ ಕೇಳಲಿಲ್ಲ. ನಾನು ಕೇಳುತ್ತಿದ್ದೇನೆ.

ಇಂತಿ,
ನಿಮ್ಮ ಹೆಂಡತಿಯ ಮಗಳು


ಮೇ 6

ಮೆಣಸಿಗೆ (ಬೇರೆ ಹೆಸರು ಬರೆಯಲು ಕೈ ಬರುವುದಿಲ್ಲ, ಬೈದುಕೋ),

ಯಾರೂ ಇರಲಿಲ್ಲ.

ಆ ಸೀಟಿನಲ್ಲಿ ಯಾರೂ ಕೂತಿಲ್ಲ. ಒಂದು ದಿನವೂ ಇಲ್ಲ. ಹಾಗೆಂದು ನಾನು ಯಾರಿಗೂ ಹೇಳಿಲ್ಲ, ಯಾಕೆಂದರೆ ಯಾರೂ ಕೇಳಲಿಲ್ಲ. ನೀನು ಕೇಳಿದೆ.

ನನ್ನ ಕೆಲಸ ನಿನಗೆ ನೆನಪಿರಬೇಕು. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಪಕ್ಕದಲ್ಲಿ ಕೂರುವುದು. ಕಲಿಸುವ ಕಾರಿನಲ್ಲಿ ಮಾಸ್ತರಿಗೆ ಸ್ಟಿಯರಿಂಗ್ ಇರುವುದಿಲ್ಲ, ಕಾಲ ಕೆಳಗೆ ಒಂದು ಬ್ರೇಕ್ ಮಾತ್ರ ಇರುತ್ತದೆ. ಎಲ್ಲಿಗೆ ಹೋಗಬೇಕೆಂದು ನಾನು ನಿರ್ಧರಿಸುವ ಹಾಗಿಲ್ಲ, ಎಲ್ಲಿ ಡಿಕ್ಕಿಯಾಗಬಾರದೆಂದು ನೋಡಿಕೊಂಡರೆ ಸಾಕು. ಈ ಮಂಡಿ ಹೋದದ್ದೂ ಆ ಬ್ರೇಕ್ ಒತ್ತಿ ಒತ್ತಿಯೇ. ಬರುಬರುತ್ತ ಮನೆಯಲ್ಲೂ ಹಾಗೇ ಅನ್ನಿಸತೊಡಗಿತು. ಊಟಕ್ಕೆ ಕೂತರೂ ಕಾಲು ಏನನ್ನೋ ಒತ್ತುತ್ತಿತ್ತು. ನಿಮ್ಮಮ್ಮ ನೋಡಿ, "ಯಾರನ್ನ ತುಳೀತಾ ಇದ್ದೀರಿ?" ಎಂದು ಕೇಳಿದ್ದಳು.

ಪಕ್ಕದಲ್ಲಿ ಯಾರೂ ಇಲ್ಲದೆ ನಾನೊಬ್ಬನೇ ಓಡಿಸಬೇಕೆನ್ನಿಸಿತು. ಸಂಜೆಗೆ ವಾಪಸ್ ಬರೋಣ ಎಂದುಕೊಂಡು ಹೊರಟೆ. ರಸ್ತೆ ಮುಗಿಯಲಿಲ್ಲ. ಆಮೇಲೆ ಬರಲು ನಾಚಿಕೆಯಾಯಿತು. ಆ ನಾಚಿಕೆ ಮಾರನೆಯ ದಿನಕ್ಕಿಂತ ಮರುವರ್ಷಕ್ಕೆ ದೊಡ್ಡದಾಯಿತು. ಅಷ್ಟೇ.

ಇಂತಿ,
ಮಾಸ್ತರ್


ಮೇ 9

ಮಾಸ್ತರರಿಗೆ,

ಯಾವಳೋ ಒಬ್ಬಳು ಇದ್ದಿದ್ದರೆ ಚೆನ್ನಾಗಿತ್ತು. ಅವಳನ್ನು ದ್ವೇಷಿಸಿಕೊಂಡು ಬದುಕಬಹುದಿತ್ತು. ಒಂದು ಖಾಲಿ ಸೀಟಿಗೆ ನಮ್ಮನ್ನು ಬಿಟ್ಟುಹೋದಿರಿ ಎಂದಾದರೆ ನಾನು ಯಾರನ್ನು ಬೈಯಲಿ?

ಅಮ್ಮನಿಗೆ ಓದಿ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು. ನಿಲ್ಲಿಸಲಿಲ್ಲ. "ಗೊತ್ತಿತ್ತು ಕಣೇ" ಎಂದಳು. "ಗೊತ್ತಿದ್ದೂ ಯಾಕಮ್ಮ...?" ಎಂದೆ. "ಯಾರೋ ಇದ್ದಾಳೆ ಅಂದ್ಕೊಂಡ್ರೆ ನಿದ್ದೆ ಬರ್ತಿತ್ತು" ಎಂದಳು. ಆಮೇಲೆ ಎದ್ದು ಹೋಗಿ, ಮಡಚಿದ್ದ ಬಟ್ಟೆಯನ್ನೆಲ್ಲ ಮತ್ತೆ ನೀರಿಗೆ ಹಾಕಿದಳು.

ಇನ್ನು ಬರೆಯಬೇಡಿ.


ಜುಲೈ 2

ಬರೆಯಬೇಡ ಎಂದಿದ್ದೀಯ. ಇದನ್ನು ಪತ್ರ ಎಂದುಕೊಳ್ಳಬೇಡ, ಸೂಚನೆ ಎಂದುಕೋ.

ಮಳೆ ಜೋರಾಗುತ್ತಿದೆ. ಸೀಟುಗಳ ಹಿಂದೆ, ಮಾಡು ಮಡಚಿ ಕೂರುವ ಜಾಗದಲ್ಲಿ ಎರಡು ಮೂಲೆಗೂ ಒಂದೊಂದು ತೂತಿದೆ. ಮಾಡಿನ ಮೇಲೆ ಬಿದ್ದ ನೀರು ಅಲ್ಲಿಂದಲೇ ಕೆಳಗಿಳಿಯಬೇಕು. ಎಲೆ, ಕಸ ಕಟ್ಟಿಕೊಂಡರೆ ಕಾರು ನೀರು ತುಂಬಿದ ಬಾನಿಯಾಗುತ್ತದೆ. ಸ್ವೆಟರ್ ಹೆಣೆಯುವ ಕಡ್ಡಿ ಹಾಕಿ ನಿಧಾನವಾಗಿ ತಿರುಗಿಸು. ತಂತಿ ಹಾಕಬೇಡ, ಒಳಗಿನ ರಬ್ಬರ್ ಕೊಳವೆ ಹರಿದುಹೋಗುತ್ತದೆ.

ಇನ್ನೊಂದು ಮಾತು. ಸೆಪ್ಟೆಂಬರ್ ಕೊನೆಗೆ ನನ್ನ ಮಂಡಿಯ ಆಪರೇಷನ್. ಕೀಲಿನ ಎರಡೂ ಮೂಳೆ ಕೂಡಿಸಿಬಿಡುತ್ತಾರಂತೆ. ನೋವು ಹೋಗುತ್ತದೆ, ಕಾಲು ಮಡಚುವುದೂ ಹೋಗುತ್ತದೆ. ಆಮೇಲೆ ಅಷ್ಟು ತಗ್ಗಿನ ಕಾರಿಗೆ ನಾನು ಇಳಿಯಲಾರೆ.

ಈ ಊರಿನ, ಆ ಊರಿನ ಎಷ್ಟೋ ಜನರಿಗೆ ಓಡಿಸಲು ಕಲಿಸಿದೆ. ನಿನಗೆ ಕಲಿಸಲಿಲ್ಲ. ಆಪರೇಷನ್ನಿಗೆ ಮೊದಲು ಒಂದು ಸಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸುತ್ತೀಯಾ? ಕಾಲ ಕೆಳಗೆ ಬ್ರೇಕ್ ಇಲ್ಲದ ಕಡೆ ಕೂತು ನೋಡಬೇಕು. ಎಲ್ಲಿಗಾದರೂ ಸರಿ.

ಉತ್ತರ ಬೇಡವೆನ್ನಿಸಿದರೆ ಕೊಡಬೇಡ.

ಮಾಸ್ತರ್


ಆಗಸ್ಟ್ 13

ಮಾಸ್ತರರಿಗೆ,

ನಿಮ್ಮ ಸೂಚನೆ ತಲುಪುವ ಹೊತ್ತಿಗೆ ಕಾರು ಬಾನಿಯಾಗಿತ್ತು. ಅಮ್ಮನ ಹೆಣಿಗೆ ಕಡ್ಡಿ ಕೇಳದೆ ತೆಗೆದುಕೊಂಡು ಹೋದೆ. ತಿರುಗಿಸಿದಾಗ ಒಂದು ಎಲೆಯ ಉಂಡೆ ಒಳಗೆ ಜಾರಿತು, ಗಟಗಟ ಕುಡಿದ ಹಾಗೆ ಸದ್ದು ಮಾಡಿ ನೀರೆಲ್ಲ ಇಳಿದುಹೋಯಿತು. ನನಗೆ ಜೋರಾಗಿ ನಗು ಬಂತು. ಎರಡು ತಿಂಗಳಲ್ಲಿ ನಾನು ನಕ್ಕದ್ದು ಅದೇ ಮೊದಲಿರಬೇಕು.

ಒಂದು ಸಂಗತಿ ಬರೆಯಬಾರದೆಂದುಕೊಂಡಿದ್ದೆ. ಹೋದ ಭಾನುವಾರದವರೆಗೂ ಕಾರನ್ನು ವಾರಕ್ಕೊಮ್ಮೆಯಲ್ಲ, ದಿನವೂ ಓಡಿಸುತ್ತಿದ್ದೆ. ಕೆಲಸದ ಪಾಳಿ ಮುಗಿದರೆ ಕೈ ಕಾಲು ಸುಮ್ಮನಿರುತ್ತಿರಲಿಲ್ಲ. ಕಾರ್ಖಾನೆಯ ಅಂಟಿನ ವಾಸನೆ ಮೂಗಿನಿಂದ ಹೋಗುವ ತನಕ ಕೆರೆ ಏರಿಯ ರಸ್ತೆಯಲ್ಲಿ ಓಡಿಸುತ್ತಿದ್ದೆ. ಮಾಡು ಮಡಚಿದರೆ ಆಕಾಶವೂ ಕಾರಿನ ಲೆಕ್ಕಕ್ಕೇ ಸೇರುತ್ತದೆ. ತಿರುವನ್ನೂ ಮೂರನೇ ಗೇರಿನಲ್ಲೇ ತೆಗೆದುಕೊಳ್ಳುತ್ತಿದ್ದೆ. ವಾಪಸ್ ತಿರುಗಿಸಬೇಕು ಅನ್ನಿಸುತ್ತಲೇ ಇರಲಿಲ್ಲ. ಇದು ತಪ್ಪೆಂದು ಗೊತ್ತು, ಯಾಕೆ ತಪ್ಪೆಂದು ಮೂವತ್ತೆರಡು ಪುಟ ಬರೆದಿದ್ದೇನೆ. ಆದರೂ ಮರುದಿನ ಐದೂವರೆಗೆ ಕೀಲಿ ಕೈಯಲ್ಲಿರುತ್ತಿತ್ತು.

ಇನ್ನು ನೀವು ಕೇಳಿದ್ದು. ಕರೆದುಕೊಂಡು ಹೋಗುತ್ತೇನೆ ಎಂದೇ ಇಟ್ಟುಕೊಳ್ಳಿ. ಎಲ್ಲಿ ಕೂರಿಸಲಿ? ಸೀಟು ಓದುಮನೆಯದ್ದು. ಹೋದ ಭಾನುವಾರದ ಸಭೆಯಲ್ಲಿ ಕೇಳಿದೆ: ಒಂದು ದಿನದ ಮಟ್ಟಿಗೆ ಸೀಟು ಬೇಕು, ನಮ್ಮ ತಂದೆಗೆ.

ಅಂಚೆ ತಾತ ಪೇಪರ್ ಇಳಿಸಿದರು. "ಯಾವ ತಂದೆ? ಓಡಿಹೋದ ತಂದೆನಾ?"

"ತಾತ, ಸುಮ್ನಿರಿ" ಎಂದಳು ಓದುಮನೆಗೆ ಬರುವ ನರ್ಸಮ್ಮ.

"ಯಾಕೆ ಸುಮ್ನಿರ್ಲಿ? ನಾನು ಕೂತಿರೋ ಸೀಟು. ಹೋದ ತಿಂಗಳು ನನ್ನ ಮೊಮ್ಮಗಳ ಶಾಲೆ ನಾಟಕಕ್ಕೆ ಆ ಉದ್ದನೆ ಬೆಂಚು ಕೇಳ್ದೆ. ನಿಯಮ ಅಂದ್ಳು. ಒಂದು ಸಂಜೆಗೆ ತಾಯಿ ಅಂದೆ. ನಿಯಮ ತಾತ ಅಂದ್ಳು. ಹೌದೋ ಅಲ್ವೋ?"

ಹೌದು. ಹಾಗೇ ಅಂದಿದ್ದೆ.

ಮಾಮ ಕೈಯ ಗ್ರೀಸ್ ಒರೆಸಿಕೊಳ್ಳುತ್ತ, "ಹೋಗ್ಲಿ ತಾತ, ಹುಡುಗಿ ಯಾವತ್ತೂ ತನಗೆ ಅಂತ ಏನೂ ಕೇಳಿದವಳಲ್ಲ. ಕೈಯೆತ್ತೋಣ" ಎಂದ. ಕೈಗಳು ಎದ್ದವು. ತಾತನೂ ಗೊಣಗಿಕೊಂಡು ಅರ್ಧ ಎತ್ತಿದರು.

ನಾನು ಕೇಳಿದೆ: "ಮಾಮ, ಬೇರೆ ಯಾರಾದ್ರೂ ಕೇಳಿದ್ರೆ ಕೊಡ್ತಿದ್ರಾ?"

"ಕೊಡ್ತಿರಲಿಲ್ಲ. ನೀನು ಬಿಡ್ತಿರಲಿಲ್ಲವಲ್ಲ!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಕೇಳಿದ್ದಕ್ಕೆ ಬಾಗುವ ನಿಯಮ ತಾತ ಕೇಳಿದ್ದಕ್ಕೆ ಬಾಗಲಿಲ್ಲವೆಂದರೆ ಆ ಕೋಣೆಯಲ್ಲಿ ನಾನು ಯಾರು? ಯಜಮಾನಿಯೇ? ನನ್ನ ಕೋರಿಕೆಯ ವಿರುದ್ಧ ನಾನೇ ಮಾತಾಡಿ ಅದನ್ನು ವಾಪಸ್ ತೆಗೆದುಕೊಂಡೆ.

ನನ್ನ ನಿರ್ಧಾರ ಸರಿಯಾಗಿತ್ತು. ಮನೆಗೆ ಬಂದು ಅಮ್ಮನಿಗೂ ಹಾಗೇ ಹೇಳಿದೆ. 

"ಆ ಸೀಟು ಮುಚ್ಚು ಅಂದಿದ್ದೆ ನಾನು. ಕಿತ್ತು ಹಾಕಿದ್ದು ನೀನು" ಎಂದಳು. "ಅವರು ಖಾಲಿ ಆದ್ರೂ ಇಟ್ಕೊಂಡಿದ್ರು. ನೀನು ಅದನ್ನೂ ಇಟ್ಕೊಳ್ಳಲಿಲ್ಲ. ದಿನಾ ಸಂಜೆ ಒಬ್ಬಳೇ ಎಲ್ಲಿಗೆ ಹೋಗ್ತೀಯ ಅಂತ ನಾನು ಕೇಳಿದ್ದೀನಾ? ಅವರನ್ನೂ ಕೇಳಿರಲಿಲ್ಲ."

ಅಂದಿನಿಂದ ಕಾರು ತೆಗೆದಿಲ್ಲ. ಸೀಟಿಲ್ಲ. ಕ್ಷಮಿಸಿ ಎಂದು ಬರೆಯಬೇಕೋ ಬೇಡವೋ ತಿಳಿಯದೆ ಈ ಹಾಳೆಯನ್ನು ನಾಲ್ಕು ದಿನ ಇಟ್ಟುಕೊಂಡಿದ್ದೆ.

ಇಂತಿ,
ಮಗಳು


ಸೆಪ್ಟೆಂಬರ್ 21

ಮೆಣಸಿಗೆ,

ಆಸ್ಪತ್ರೆಯಲ್ಲಿ ಜಾಗ ಖಾಲಿಯಾಯಿತೆಂದು ಹೇಳಿದ್ದಕ್ಕಿಂತ ಮೊದಲೇ ಕರೆದರು. ಆಪರೇಷನ್ ಮುಗಿಯಿತು. ನಿನ್ನ ಬಾಗಿಲಿಗೆ ಕಾರು ತಂದಿದ್ದನಲ್ಲ, ಆ ಶಿಷ್ಯನೇ ಮನೆಗೆ ಕರೆತಂದ. ಅವನ ಕಾರಿನ ಹಿಂದಿನ ಸೀಟಿನಲ್ಲಿ ನನ್ನನ್ನು ಅಡ್ಡಡ್ಡ ಮಲಗಿಸಿ, ಸುರುಳಿ ಚಾಪೆಯ ಹಾಗೆ ಇಳಿಸಿಕೊಂಡ. ಪಾಠ ಹೇಳುವಾಗ ಅವನಿಗೆ ಬಹಳ ಬೈದಿದ್ದೆ, ಪಾಪ.

ಕಾಲು ಈಗ ಬಡಿಗೆಯಂತೆ ನೇರ. ಸೀಟು ಇದ್ದಿದ್ದರೂ ನಾನು ಅದರೊಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ನೀನು ಆ ವಿಷಯ ತಲೆಯಿಂದ ತೆಗೆದುಹಾಕು. ನಿನ್ನ ನಿಯಮ ಸರಿಯಾಗಿದೆ, ಮುರಿಯಬೇಡ. ತಾತನಿಗೆ ಬೆಂಚು ಮಾತ್ರ ಕೊಡಬಹುದಿತ್ತು.

ಕಾರು ನಿಲ್ಲಿಸಬೇಡ. ನಿಂತರೆ ಕೆಡುತ್ತದೆ ಎಂದು ಮೊದಲೇ ಹೇಳಿದ್ದೇನೆ.

ನಿಮ್ಮಮ್ಮ ಹೇಳಿದ್ದನ್ನು ಎರಡು ಸಲ ಓದಿದೆ. ಮೂರನೇ ಸಲ ಆಗಲಿಲ್ಲ.

ಇಂತಿ,
ಮಾಸ್ತರ್


ಅಕ್ಟೋಬರ್ 24

ಅಪ್ಪನಿಗೆ,

ಗಮನವಿಟ್ಟು ಓದಿ. ಇದೂ ಸೂಚನೆಯೇ.

ನಿಮ್ಮ ಪತ್ರ ಬಂದ ಮೇಲೆ ಒಂದು ವಾರ ಯಂತ್ರದ ಮುಂದೆ ನಿಂತು ತಪ್ಪುತಪ್ಪು ಗೀರು ಹಾಕಿದೆ. ಕಣ್ಣಿಗೆ ಬರೀ ನಿಮ್ಮ ಕಾಲು. ಆಮೇಲೆ ಒಂದು ಮಧ್ಯಾಹ್ನ, ಕಟ್ಟಿದ ರಟ್ಟಿನ ರಾಶಿಯ ಮೇಲೆ ಕಾಲು ಚಾಚಿ ಕೂತು ಊಟದ ಡಬ್ಬಿ ತೆರೆದಾಗ ತಲೆಗೆ ಹೊಳೆಯಿತು. ಆ ಕಾರಿನಲ್ಲಿ ಸೀಟಿದ್ದಿದ್ದರೆ ನಿಮ್ಮ ಕಾಲಿಗೆ ಜಾಗವಿರುತ್ತಿರಲಿಲ್ಲ. ಈಗ ಸೀಟಿಲ್ಲ. ಹಿಂದಿನ ಗೋಡೆಯಿಂದ ಎಂಜಿನ್ನಿನ ಗೋಡೆಯವರೆಗೂ ಖಾಲಿ. ಹಿಂದಕ್ಕೆ ಸರಿದು ಎತ್ತರದಲ್ಲಿ ಕೂತರೆ ನೇರ ಕಾಲು ನೇರವಾಗಿಯೇ ಹೋಗುತ್ತದೆ. ಹತ್ತಿ ಕೂರಬಹುದು, ಇಳಿಯುವ ಕಷ್ಟವಿಲ್ಲ.

ಎತ್ತರಕ್ಕೆ ಏನು ಹಾಕಿದ್ದೇನೆ ಕೇಳಿ. 'ಸ್ವಂತ ಕಾರೆಂಬ ಸುಳ್ಳು'. ಮೆಟ್ಟಿಲ ಕೆಳಗೆ ಬಿದ್ದಿದ್ದ ಕಟ್ಟುಗಳೆಲ್ಲ ಈಗ ಕಾರಿನಲ್ಲಿವೆ. ಹಂಚಲೆಂದೇ ಇರುವುದರಿಂದ ಅವು ಓದುಮನೆಯಿಂದ ಹೊರಗೆ ಹೋಗಬಹುದು, ಅದಕ್ಕೆ ನಿಯಮದ ಅಡ್ಡಿಯಿಲ್ಲ. ತಾತನೇ ಎದ್ದು ನಿಂತು ಹಾಗೆಂದು ತೀರ್ಪು ಕೊಟ್ಟರು. ಬೆಂಚಿನ ವಿಷಯಕ್ಕೆ ಅವರ ಹತ್ತಿರ ಕ್ಷಮೆ ಕೇಳಿದೆ. "ನಾಟಕ ಮುಗೀತಲ್ಲ ತಾಯಿ" ಎಂದರು, ಆದರೆ ಒಂದು ಕಟ್ಟನ್ನು ತಾವೇ ಹೊತ್ತು ಕಾರಿನ ತನಕ ತಂದರು. ಕಟ್ಟುಗಳನ್ನು ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸಿ, ಪ್ಯಾಕಿಂಗ್ ಪಟ್ಟಿ ಬಿಗಿದು, ಮೇಲೆ ಐದು ಪದರದ ರಟ್ಟು ಹಾಕಿದ್ದೇನೆ. ಬೆಲ್ಟು ಕಾರಿನ ಗೋಡೆಗೇ ಇದೆ, ಅದು ಸಿಗುತ್ತದೆ.

ಭಾರ ತಡೆಯುತ್ತದೋ ಎಂದು ಪರೀಕ್ಷೆ ಮಾಡಬೇಕಿತ್ತು. ನರ್ಸಮ್ಮನನ್ನು ಕರೆಯಲು ಹೊರಟಿದ್ದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ ಚಪ್ಪಲಿ ಹಾಕಿಕೊಂಡಳು. ಬಂದು ಹತ್ತಿ ಕೂತಳು. ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ಬಸ್ಸಿನಲ್ಲಿ ಕೂತ ಹಾಗೆ. ಕೆರೆ ಏರಿಯ ತನಕ ಹೋಗಿ ಬಂದೆವು. ಅವಳ ತಲೆ ಗಾಜಿನ ಮೇಲಕ್ಕೆ ಬರುತ್ತಿತ್ತು, ಕೂದಲೆಲ್ಲ ಬಿಚ್ಚಿಹೋಯಿತು. ಮನೆ ಮುಂದೆ ನಿಲ್ಲಿಸಿದೆ. ಅವಳು ಇಳಿಯಲಿಲ್ಲ.

"ಇಷ್ಟಕ್ಕಾ?" ಎಂದಳು. "ಇಷ್ಟಕ್ಕಾ ಅವರು ಹೋಗಿದ್ದು?"

ನಾನು ಎಂಜಿನ್ ಆರಿಸಲು ಕೈ ಹಾಕಿದೆ.

"ಇರು. ಇನ್ನೊಂದು ಸುತ್ತು ಹೊಡಿ."

ನವೆಂಬರ್ ಮೊದಲ ಭಾನುವಾರ ಬೆಳಿಗ್ಗೆ ಬರುತ್ತೇನೆ. ನಿಮ್ಮ ತಲೆ ಮೇಲೆ ಬರುವುದರಿಂದ ಮಾಡು ಮುಚ್ಚಲಾಗುವುದಿಲ್ಲ, ಮಳೆ ಬಂದರೆ ನೆನೆಯಬೇಕು. ಎರಡನೇ ಗೇರಿನ ಬಗ್ಗೆ ಒಂದು ಮಾತೂ ಆಡಬಾರದು. ನಾನು ಇನ್ನೂ ಕ್ಷಮಿಸಿಲ್ಲ, ಅದನ್ನೂ ಈಗಲೇ ಹೇಳಿರುತ್ತೇನೆ. ಎಲ್ಲಿಗೆ ಎಂದು ಕೇಳಬೇಡಿ. ಸಂಜೆಗೆ ವಾಪಸ್ ಬಿಡುತ್ತೇನೆ.

ಇಂತಿ,
ಮಗಳು


ನವೆಂಬರ್ 9

ಮೆಣಸಿಗೆ,

ಎದುರಿಗಿದ್ದಾಗ ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗಾಳಿಯಲ್ಲಿ ನಿನಗೂ ಕೇಳಿಸುತ್ತಿರಲಿಲ್ಲ, ಬಿಡು.

ಮೊದಲ ತಿರುವಿನಲ್ಲೇ ನನ್ನ ಕಾಲು ಒತ್ತಿತು. ಮಡಚಲಾಗದ ಕಾಲು, ಒತ್ತಲು ಬ್ರೇಕೂ ಇಲ್ಲ, ಆದರೂ ಹಿಮ್ಮಡಿ ಊರಿ ಒತ್ತಿದೆ. ನೀನು ನೋಡಿದೆ, ನೋಡದ ಹಾಗೆ ಇದ್ದೆ. ಹೊಳೆಯ ಸೇತುವೆ ದಾಟಿದ ಮೇಲೆ ನೆನಪಿಸಿಕೊಂಡರೆ ಒತ್ತುವುದು ಯಾವಾಗಲೋ ನಿಂತುಹೋಗಿತ್ತು. ಎಲ್ಲಿ ನಿಂತಿತೆಂದು ನನಗೆ ತಿಳಿಯಲಿಲ್ಲ.

ಇನ್ನು ನಡೆದ ಅನಾಹುತ. ನೀನು ಪುಸ್ತಕದ ಕಟ್ಟುಗಳಿಗೆ ಬಿಗಿದಿದ್ದ ಪಟ್ಟಿ ತೊಡೆಗೆ ಚುಚ್ಚುತ್ತಿತ್ತು. ನಿನಗೆ ಹೇಳದೆ ಅದರ ಕ್ಲಿಪ್ ಬಿಚ್ಚಿದೆ. ಅಲ್ಲಿಂದ ಶುರುವಾಯಿತು. ಹಳ್ಳ ಬಂದು ನಾನು ಮೇಲೆ ಹಾರಿದಾಗಲೆಲ್ಲ ಕೆಳಗಿನಿಂದ ಒಂದಿಷ್ಟು ಪುಸ್ತಕ ಜಾರಿ ಹೊರಗೆ ಹಾರುತ್ತಿದ್ದವು. ಹಿಂದೆ ಬರುತ್ತಿದ್ದ ಬಸ್ಸಿನ ಗಾಜಿಗೆ ಒಂದು ಹೋಗಿ ಅಂಟಿತು. ಸಂತೆಯಿಂದ ಬರುತ್ತಿದ್ದ ಹೆಂಗಸರು ಹೆಕ್ಕಿಕೊಂಡು ಓದುತ್ತ ನಿಂತರು. ಸ್ವಂತ ಕಾರು ಬೇಡವೆಂಬ ಪುಸ್ತಕವನ್ನು ಇಂಥ ಕಾರಿನಿಂದ ಎಸೆದುಕೊಂಡು ಹೋದವರು ಲೋಕದಲ್ಲಿ ನಾವಿಬ್ಬರೇ ಇರಬೇಕು.

ನಾನು ಕೆಳಗಿಳಿಯುತ್ತ ಬಂದೆ. ಹೊರಟಾಗ ನನ್ನ ಎದೆ ಗಾಜಿನ ಮೇಲಿತ್ತು. ಬೆಟ್ಟದ ಬುಡಕ್ಕೆ ಬರುವ ಹೊತ್ತಿಗೆ ಗದ್ದ ಗಾಜಿನ ಸಮಕ್ಕೆ ಬಂತು. ಕೊನೆಕೊನೆಗೆ ನಿನ್ನ ಭುಜವೂ ನನ್ನ ಭುಜವೂ ಒಂದೇ ಎತ್ತರದಲ್ಲಿದ್ದವು. ಕಾಲು ಎಳೆಯುತ್ತಿತ್ತು. ಹೇಳಬಹುದಿತ್ತು. ಹೇಳಿದರೆ ನೀನು ನಿಲ್ಲಿಸುತ್ತಿದ್ದೆ.

ನಿನ್ನ ಆಸ್ತಿಯನ್ನು ಹಾಳು ಮಾಡಿದ್ದಕ್ಕೆ ಬೈಯುವುದಿದ್ದರೆ ಬೈಯಿ. ಉಳಿದದ್ದರಲ್ಲಿ ಒಂದನ್ನು ಕೇಳದೆ ಇಟ್ಟುಕೊಂಡಿದ್ದೇನೆ. ಓದಿದೆ. ಮೂರನೇ ಪುಟ ಸರಿಯಾಗಿದೆ.

ಇಂತಿ,
ನಿನ್ನ ಅಪ್ಪ


ನವೆಂಬರ್ 14

ಅಪ್ಪ,

ನನ್ನ ಕಣ್ಣಮುಂದೆ ಒಂದು ಕನ್ನಡಿ ಇರುತ್ತದೆ. ಕಲಿಸುವವರಿಗೆ ಅದು ಮರೆಯಬಾರದಿತ್ತು. ಸೇತುವೆಯಿಂದಲೂ ಹಿಂದೆ ರಸ್ತೆಯೆಲ್ಲ ಬೆಳ್ಳಗಾಗುತ್ತ ಬರುವುದು ನನಗೆ ಕಾಣುತ್ತಲೇ ಇತ್ತು.

ನಾನೂ ನಿಲ್ಲಿಸಲಿಲ್ಲ.

ಈ ಭಾನುವಾರ ಕೂರಲು ಬೇರೆ ಏನಾದರೂ ಜೋಡಿಸಬೇಕು. ಹೊಸದೊಂದು ಬರೆಯುತ್ತಿದ್ದೇನೆ, ಆದರೆ ಅದು ಇನ್ನೂ ನಿನ್ನನ್ನು ಹೊರುವಷ್ಟು ದಪ್ಪವಾಗಿಲ್ಲ. ಅಮ್ಮ ಒಂದು ದಿಂಬು ಕೊಟ್ಟಿದ್ದಾಳೆ. ಯಾರಿಗೆ ಎಂದು ಹೇಳಲಿಲ್ಲ.

ಇಂತಿ,
ಮೆಣಸು